ಯಹೂದಿಗಳಲ್ಲಿ ಸತ್ತ ಮೇಲೆ ಏನು? ಕದ್ದಿಶ್ 11 ತಿಂಗಳಿಗೇ ಯಾಕೆ ನಿಲ್ಲುತ್ತದೆ?

ರಾತ್ರಿಪಾಳಿ:
ನನ್ನ ಜೊತೆ ಕೆಲಸ ಮಾಡುವ ಒಬ್ಬರು ಯಹೂದಿ. ಅವರ ತಾಯಿ ತೀರಿಕೊಂಡ ಮೇಲೆ ದಿನಾ ಸಿನಗಾಗ್‌ಗೆ (ಅವರ ಪ್ರಾರ್ಥನಾ ಮಂದಿರ) ಹೋಗಿ ಕದ್ದಿಶ್ ಅನ್ನೋ ಪ್ರಾರ್ಥನೆ ಹೇಳುತ್ತಿದ್ದರು. ಮೀಟಿಂಗ್ ಇದ್ದರೂ ಎದ್ದು ಹೋಗುತ್ತಿದ್ದರು, ಒಂದು ದಿನವೂ ತಪ್ಪಿಸಲಿಲ್ಲ. ಕಳೆದ ವಾರ ಬಂದು "ಇವತ್ತಿಗೆ ಮುಗಿಯಿತು" ಅಂದರು. ವರ್ಷ ತುಂಬೋಕೆ ಇನ್ನೂ ಒಂದು ತಿಂಗಳು ಇತ್ತು. ಅವರ ಕಣ್ಣು ತುಂಬಿತ್ತು, ಹಾಗಾಗಿ ಯಾಕೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ.

ಆಮೇಲೆ ಆ ಪ್ರಾರ್ಥನೆಯ ಅನುವಾದ ಹುಡುಕಿ ಓದಿದೆ. ಅದರಲ್ಲಿ ಸಾವು ಅನ್ನೋ ಮಾತೇ ಇಲ್ಲ, ಸತ್ತವರ ಹೆಸರೂ ಇಲ್ಲ, ಬರೀ ದೇವರ ಹೊಗಳಿಕೆ. ಅವರಲ್ಲಿ ಸ್ವರ್ಗ, ನರಕ ಅಂತ ಇದೆಯಾ? 11 ತಿಂಗಳ ಲೆಕ್ಕ ಎಲ್ಲಿಂದ ಬಂತು?

ಹಳೇಪುಟ:
11ರ ಕಥೆ ನನಗೆ ತುಂಬಾ ಇಷ್ಟ, ಅದನ್ನೇ ಮೊದಲು ಹೇಳುತ್ತೇನೆ.

ಅವರಲ್ಲಿ ಗೆಹಿನ್ನೋಮ್ ಅಂತ ಒಂದಿದೆ. ಆ ಹೆಸರು ಬಂದಿದ್ದು ಜೆರುಸಲೇಮಿನ ಹಳೇ ಊರಿಗೆ ತಾಗಿಕೊಂಡೇ ಇರುವ ಹಿನ್ನೋಮ್ ಕಣಿವೆಯಿಂದ. ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರು ಅಂತ ಪ್ರವಾದಿ ಯೆರೆಮೀಯನ ಪುಸ್ತಕ ಹೇಳುತ್ತದೆ. ಆದರೆ ಅದನ್ನು ನರಕ ಅಂತ ಕರೆದರೆ ಪೂರ್ತಿ ಸರಿಹೋಗಲ್ಲ, ಯಾಕಂದರೆ ಹೆಚ್ಚಿನವರಿಗೆ ಅಲ್ಲಿ ವಾಸ ಶಾಶ್ವತ ಅಲ್ಲ. ಅದು ಕೊಳೆ ತೊಳೆಯುವ ಜಾಗ. ದುಷ್ಟರಿಗೆ ಅಲ್ಲಿ 12 ತಿಂಗಳ ಶಿಕ್ಷೆ ಅಂತ ರಬ್ಬಿ (ಯಹೂದಿ ಧರ್ಮಗುರು) ಅಕೀವಾ ಹೇಳಿದ ಮಾತು ಮಿಷ್ನಾದಲ್ಲಿದೆ, ಅದು ರಬ್ಬಿಗಳ ಮಾತುಗಳ ಹಳೇ ಸಂಗ್ರಹ. ಮಕ್ಕಳು ಹೇಳುವ ಕದ್ದಿಶ್ ಆ ಆತ್ಮಕ್ಕೆ ನೆರವಾಗುತ್ತದೆ ಅಂತ ನಂಬಿಕೆ.

ಈಗ ಯೋಚನೆ ಮಾಡಿ. ಮಗ ಪೂರ್ತಿ 12 ತಿಂಗಳು ಹೇಳಿದರೆ ಏನರ್ಥ? ನನ್ನ ತಾಯಿ ದುಷ್ಟೆ, ಅವಳಿಗೆ ಪೂರ್ತಿ ಶಿಕ್ಷೆ ಬೇಕು ಅಂತ ತಾನೇ ಒಪ್ಪಿಕೊಂಡ ಹಾಗೆ, ಅಲ್ವಾ? ಅದಕ್ಕೇ ಒಂದು ತಿಂಗಳು ಮೊದಲೇ ನಿಲ್ಲಿಸುತ್ತಾರೆ. 16ನೇ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸೆರ್ಲೆಸ್ ಈ ಪದ್ಧತಿಯನ್ನು ಬರೆದಿಟ್ಟರು. ನಿಮ್ಮ ಸ್ನೇಹಿತರು ಆವತ್ತು ನಿಲ್ಲಿಸಿದ್ದು ತಾಯಿಯ ಮೇಲಿನ ಗೌರವಕ್ಕೆ.

ಎರಡನೇಓದು:
ಮೇಲಿನ ಉತ್ತರ ಚೆನ್ನಾಗಿದೆ. ಆದರೆ "ಅವರಲ್ಲಿ ಇದೆ" ಅಂತ ಒಂದೇ ಮಾತಲ್ಲಿ ಹೇಳೋದು ಕಷ್ಟ. ತೋರಾ, ಅಂದರೆ ಅವರ ಧರ್ಮಗ್ರಂಥದ ಮೊದಲ ಐದು ಪುಸ್ತಕಗಳು, ಸಾವಿನ ನಂತರದ ಬಗ್ಗೆ ಹೆಚ್ಚುಕಮ್ಮಿ ಸುಮ್ಮನಿವೆ. ಶೆಯೋಲ್ ಅಂತ ಒಂದು ಕತ್ತಲ ಜಾಗದ ಹೆಸರು ಬರುತ್ತದೆ, ಅಷ್ಟೇ. ಸತ್ತವರು ಎದ್ದು ಬರುತ್ತಾರೆ ಅನ್ನೋದು ಸ್ಪಷ್ಟವಾಗಿ ಕಾಣೋದು ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ, ಜೆರುಸಲೇಮಿನ ಎರಡನೇ ದೇವಾಲಯದ ಕಾಲದಲ್ಲೂ, ಯಹೂದಿಗಳ ಎರಡು ಪಂಗಡಗಳಿಗೆ ಇದೇ ಜಗಳ: ಫರಿಸಾಯರು ಒಪ್ಪಿದರು, ಸದ್ದುಕಾಯರು ಇಲ್ಲವೇ ಇಲ್ಲ ಅಂದರು. ಫರಿಸಾಯರ ಮಾತು ಉಳಿಯಿತು. 12ನೇ ಶತಮಾನದಲ್ಲಿ ಯಹೂದಿ ಪಂಡಿತ ಮೈಮೊನಿಡೀಸ್ ಬರೆದ 13 ನಂಬಿಕೆಗಳಲ್ಲಿ ಕೊನೆಯದು ಸತ್ತವರು ಏಳುತ್ತಾರೆ ಅನ್ನೋದೇ. ಆದರೆ 1885ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ರಿಫಾರ್ಮ್ (ಸುಧಾರಣಾವಾದಿ) ಪಂಗಡದ ರಬ್ಬಿಗಳು, ಆತ್ಮಕ್ಕೆ ಸಾವಿಲ್ಲ ನಿಜ, ದೇಹ ಏಳುವುದನ್ನು ಮಾತ್ರ ಒಪ್ಪಲ್ಲ ಅಂದರು.

ಪುನರ್ಜನ್ಮವೂ ಇದೆ, ಗಿಲ್ಗುಲ್ ಅಂತ. 10ನೇ ಶತಮಾನದ ಪಂಡಿತ ಸಾದಿಯಾ ಗಾವೋನ್ ಅದನ್ನು ಕಟುವಾಗಿ ತಳ್ಳಿಹಾಕಿದ್ದರು. ಆರುನೂರು ವರ್ಷ ಆದ ಮೇಲೆ ಈಗಿನ ಇಸ್ರೇಲಿನ ಉತ್ತರದಲ್ಲಿರುವ ಸಫೇದ್ ಊರಲ್ಲಿ ಅನುಭಾವಿ ಐಸಾಕ್ ಲೂರಿಯಾ ಮತ್ತು ಅವರ ಶಿಷ್ಯರಿಗೆ ಅದೇ ದೊಡ್ಡ ಪಾಠವಾಯಿತು.

ಬರಲಿರುವ ಲೋಕ ಹೇಗಿರುತ್ತದೆ ಅನ್ನೋದಕ್ಕೆ ತಾಲ್ಮುಡ್‌ನ (ಮಿಷ್ನಾ ಮತ್ತು ಅದರ ಮೇಲಿನ ರಬ್ಬಿಗಳ ಚರ್ಚೆಯ ಗ್ರಂಥ) ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲಿ ಊಟ ಇಲ್ಲ, ವ್ಯಾಪಾರ ಇಲ್ಲ, ಹೊಟ್ಟೆಕಿಚ್ಚಿಲ್ಲ, ಹಗೆ ಇಲ್ಲ. ಒಳ್ಳೆಯವರು ತಲೆ ಮೇಲೆ ಕಿರೀಟ ಇಟ್ಟುಕೊಂಡು ದೇವರ ಬೆಳಕಿನಲ್ಲಿ ಸುಮ್ಮನೆ ಕೂತಿರುತ್ತಾರೆ.

ಮಣ್ಣುದಾರಿ:
ನಾನು ಒಬ್ಬ ಗೆಳೆಯನ ತಂದೆಯ ಅಂತ್ಯಕ್ರಿಯೆಗೆ ಹೋಗಿದ್ದೆ. ಬಿಳಿ ಬಟ್ಟೆ ಸುತ್ತಿದ್ದರು, ಅದಕ್ಕೆ ಜೇಬೇ ಇರಲ್ಲವಂತೆ. ಮಣ್ಣು ಹಾಕುವಾಗ ಸಲಿಕೆಯನ್ನು ಒಬ್ಬರು ಇನ್ನೊಬ್ಬರ ಕೈಗೆ ಕೊಡಲಿಲ್ಲ. ಮಣ್ಣಿಗೆ ಚುಚ್ಚಿ ಬಿಟ್ಟರು, ಮುಂದಿನವರು ತಾವೇ ಎತ್ತಿಕೊಂಡರು. ದುಃಖವನ್ನು ಕೈಯಿಂದ ಕೈಗೆ ದಾಟಿಸಬಾರದು ಅಂತ ಪಕ್ಕದಲ್ಲಿದ್ದ ಅಜ್ಜ ಮೆಲ್ಲಗೆ ಹೇಳಿದರು. ಸುತ್ತಲಿನ ಹಳೇ ಕಲ್ಲುಗಳ ಮೇಲೆಲ್ಲಾ ಅದೇ ಐದು ಹೀಬ್ರೂ ಅಕ್ಷರ. "ಇವರ ಪ್ರಾಣ ಬದುಕಿನ ಗಂಟಿನಲ್ಲಿ ಸೇರಿಕೊಂಡಿರಲಿ" ಅನ್ನೋದರ ಮೊದಲಕ್ಷರಗಳಂತೆ. ನಂಬಿಕೆ ಏನೇ ಇರಲಿ, ಆ ಗಂಟು ಅನ್ನೋ ಮಾತು ನನ್ನನ್ನು ಹಿಡಿದುಕೊಂಡಿತು.

ರಾತ್ರಿಪಾಳಿ:
ಹಳೇಪುಟ ಅವರೇ, 11 ತಿಂಗಳ ಕಾರಣ ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕೆ ಆಗಲಿಲ್ಲ. ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ವರ್ಷ ತುಂಬುವ ದಿನ ಅವರು ಏನಾದರೂ ಮಾಡುತ್ತಾರಾ?

ಹಳೇಪುಟ:
ಮಾಡುತ್ತಾರೆ, ಯಾರ್‌ಸೈಟ್ ಅಂತಾರೆ. ಹೀಬ್ರೂ ಪಂಚಾಂಗದ ಪ್ರಕಾರ ಬರುತ್ತದೆ, ಹಾಗಾಗಿ ನಿಮ್ಮ ಕ್ಯಾಲೆಂಡರಿನ ದಿನಕ್ಕೆ ಹೊಂದಲಿಕ್ಕಿಲ್ಲ, ಅವರನ್ನೇ ಕೇಳಿ. ಹಿಂದಿನ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಮನೆಯಲ್ಲಿ ಒಂದು ದೀಪ ಹಚ್ಚುತ್ತಾರೆ, 24 ಗಂಟೆ ಉರಿಯುತ್ತದೆ. ಆ ದಿನ ಮತ್ತೆ ಕದ್ದಿಶ್ ಹೇಳುತ್ತಾರೆ.