ಬಾಣಂತನದಲ್ಲಿ ಮೂಲವ್ಯಾಧಿ: ಅಜ್ಜಿ ಒಪ್ಪುವಂಥ ಊಟ ಯಾವುದು?

ಮಲೆನಾಡ ಮಗಳು (ಶಿರಸಿ):
ಬಾಣಂತನಕ್ಕೆ ತವರಿಗೆ ಬಂದಿದ್ದೇನೆ. ಮಗುವಿಗೆ ಇನ್ನೂ ತಿಂಗಳು ತುಂಬಿಲ್ಲ. ಬಸುರಿಯಲ್ಲೇ ಶುರುವಾದ ಪೈಲ್ಸ್ ಹೆರಿಗೆ ಆದಮೇಲೆ ಜಾಸ್ತಿ ಆಗಿದೆ. ಹೊಲಿಗೆ ಬೇರೆ ಇದೆ. ಸಂಡಾಸಿಗೆ ಹೋಗುವುದೆಂದರೇ ಹೆದರಿಕೆ, ತಡೆದುಕೊಂಡು ಕೂರುತ್ತೇನೆ. ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗಿ ರಕ್ತ ಬರುತ್ತದೆ. ಡಾಕ್ಟರ್ ನೋಡಿದ್ದಾರೆ. ನಾರಿನಂಶ ತಿನ್ನು, ನೀರು ಕುಡಿ, ಇಸಬ್‌ಗೋಲ್ ತಗೋ ಅಂದರು. ಮನೆಯಲ್ಲಿ ನೋಡಿದರೆ ಅನ್ನ, ತುಪ್ಪ, ಬೆಳ್ಳುಳ್ಳಿ-ಕಾಳುಮೆಣಸಿನ ಸಾರು, ಅಷ್ಟೇ. ಸೊಪ್ಪು ಶೀತ, ಮಗುವಿಗೆ ನೆಗಡಿಯಾಗುತ್ತದೆ ಅನ್ನುತ್ತಾಳೆ ಅಜ್ಜಿ. ನೀರು ಕುಡಿದರೆ ಹೊಟ್ಟೆ ಬರುತ್ತದಂತೆ. ಆಯಿ (ಅಮ್ಮ) ನನ್ನ ಪರ, ಆದರೆ ಅಜ್ಜಿ ಎದುರು ಮಾತಾಡುವುದಿಲ್ಲ. ರಾತ್ರಿಯೆಲ್ಲ ನಿದ್ದೆಗೆಟ್ಟು ಮಗುವನ್ನು ಎತ್ತಿಕೊಳ್ಳುವವಳೂ ಅಜ್ಜಿಯೇ. ಅವಳ ಮನಸ್ಸು ನೋಯಿಸಲು ಇಷ್ಟವಿಲ್ಲ. ಏನು ಮಾಡಿಸಿಕೊಂಡು ತಿನ್ನಲಿ?

ಅಘನಾಶಿನಿ (ಕುಮಟಾ):
ತಂಗಿ, ನಾನು ನರ್ಸ್ ಆಗಿದ್ದವಳು, ಈಗ ನಿವೃತ್ತಿ. ಹೆರಿಗೆ ವಾರ್ಡಿನಲ್ಲಿ ನಿನ್ನಂಥ ಎಷ್ಟೋ ಹುಡುಗಿಯರನ್ನು ನೋಡಿದ್ದೇನೆ. ನಾಚಿಕೆಯಿಂದ ಬಾಯಿಬಿಡದೆ ನರಳುತ್ತಿದ್ದರು. ನೀನು ಕೇಳಿದ್ದು ಒಳ್ಳೆಯದಾಯಿತು.

ಅಜ್ಜಿಯ ಜೊತೆ ವಾದ ಬೇಡ. ಅವಳು ನಂಬುವ ತುಪ್ಪ, ಜೀರಿಗೆ, ಕಾಳುಮೆಣಸಿನ ಜೊತೆಗೇ ನಾರು ಒಳಗೆ ಹೋಗಲಿ. ಮೊದಲು ತಂಬುಳಿ. ಒಂದೆಲಗವೋ ಬಸಳೆಯೋ ಒಂದು ದೊಡ್ಡ ಹಿಡಿ ತೆಗೆದುಕೊಂಡು ತುಪ್ಪದಲ್ಲಿ ಚೆನ್ನಾಗಿ ಬಾಡಿಸಬೇಕು. ಹಸಿ ವಾಸನೆ ಹೋದಮೇಲೆ ಜೀರಿಗೆ, ಕಾಳುಮೆಣಸು, ಕಾಯಿತುರಿ ಹಾಕಿ ಅರೆದು ಮಜ್ಜಿಗೆ ಬೆರೆಸುವುದು. ತಣ್ಣಗೆ ಬೇಡ ಅಂದರೆ ಒಡೆಯದ ಹಾಗೆ ಸ್ವಲ್ಪ ಬೆಚ್ಚಗೆ ಮಾಡಿ. ಒಂದು ಮಾತು, ಸೋಸಬೇಡಿ. ಬಾಣಂತಿಗೆ ನಯವಾಗಿರಲಿ ಅಂತ ಸುಮಾರು ಮನೆಗಳಲ್ಲಿ ಸೋಸುತ್ತಾರೆ. ನಮಗೆ ಬೇಕಾದ ನಾರೆಲ್ಲ ಜರಡಿಯಲ್ಲೇ ಉಳಿಯುತ್ತದೆ!

ಇನ್ನು ಅನ್ನದ ಲೆಕ್ಕ. ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. ಬಿಳಿ ಅನ್ನ 100 ಗ್ರಾಂ ತಿಂದರೆ ಅರ್ಧ ಗ್ರಾಮೂ ಸಿಗುವುದಿಲ್ಲ. ಅಷ್ಟೇ ಬೇಯಿಸಿದ ಹೆಸರುಕಾಳಿನಲ್ಲಿ 7 ಗ್ರಾಂಗಿಂತ ಜಾಸ್ತಿ ಇದೆ. ಸಿಪ್ಪೆ ಸಮೇತ ಹೆಸರುಕಾಳು ಮೆತ್ತಗೆ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟರೆ ಅಜ್ಜಿಯೂ ಒಪ್ಪಬಹುದು. ಅಂಜೂರ, ಒಣದ್ರಾಕ್ಷಿ ರಾತ್ರಿ ನೆನೆಸಿಟ್ಟು ಬೆಳಿಗ್ಗೆ ತಿನ್ನು. ಇವಕ್ಕೆ ಬೇಡ ಅನ್ನುವ ಅಜ್ಜಿಯರು ಕಡಿಮೆ. ಎಲ್ಲ ಒಟ್ಟಿಗೆ ಶುರು ಮಾಡಬೇಡ, ಹೊಟ್ಟೆ ಉಬ್ಬರಿಸುತ್ತದೆ.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಹಾಲು ಕುಡಿಸುವವಳಿಗೆ ಬಾಯಾರಿಕೆ ಜಾಸ್ತಿ. ನೀರು ಸಾಲದೆ ಬರೀ ನಾರು ತಿಂದರೆ ಇನ್ನೂ ಗಟ್ಟಿಯಾಗುತ್ತದೆ. ಜೀರಿಗೆ ಹಾಕಿ ಕುದಿಸಿದ ಬಿಸಿನೀರನ್ನು ಥರ್ಮಾಸಿನಲ್ಲಿ ಹಾಸಿಗೆ ಪಕ್ಕ ಇಟ್ಟುಕೋ. ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ. ಹೆರಿಗೆ ಆದಮೇಲೆ ಹೊಟ್ಟೆ ಜೋತು ಬೀಳುವುದು ಸ್ನಾಯು ಹಿಗ್ಗಿರುವುದರಿಂದ. ಅದರಲ್ಲಿ ನೀರಿನ ತಪ್ಪಿಲ್ಲ.

ಸಂಡಾಸಿಗೆ ಬಂದಾಗ ತಡೆಯಬೇಡ, ತಿಣುಕಬೇಡ. ಕಮೋಡ್ ಆದರೆ ಕಾಲ ಕೆಳಗೆ ಒಂದು ಮಣೆ ಇಟ್ಟುಕೋ. ಬಾಣಂತಿ ಇರುವ ಮನೆ, ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಅಗಲದ ಟಬ್ಬಿಗೆ ಉಗುರುಬೆಚ್ಚಗಿನ ನೀರು ಹಾಕಿ 10-15 ನಿಮಿಷ ಕೂತರೆ ನೋವು ಇಳಿಯುತ್ತದೆ. ಹೊಲಿಗೆ ಇರುವುದರಿಂದ ಇದೊಂದನ್ನು ಡಾಕ್ಟರಿಗೆ ಕೇಳಿಕೋ.

ಕಾಳಿ ದಂಡೆ (ಕಾರವಾರ):
ನನ್ನ ತಂಗಿಗೂ ಹೀಗೇ ಆಗಿತ್ತು. ನಮ್ಮಲ್ಲಿ ಅನ್ನ, ಮೀನು ಸಾರು. ಮೀನು ಒಳ್ಳೆಯದೇ, ಆದರೆ ಅದರಲ್ಲಿ ನಾರಿಲ್ಲ. ಮೊಳಕೆ ಹೆಸರುಕಾಳಿಗೆ ಕಾಯಿ ಅರೆದು ಹಾಕಿದ ಗಾಠಿ ಮಾಡಿಕೊಟ್ಟೆವು. ಕೆಂಪು ಕುಚಲಕ್ಕಿ ಗಂಜಿಯಿಂದ ನೀರೂ ಹೊಟ್ಟೆಗೆ ಹೋಯಿತು. ಇನ್ನೊಂದು ವಿಷಯ. ಗೋಡೆ ಮೇಲೆ 'ಒಂದೇ ಇಂಜೆಕ್ಷನ್‌ನಲ್ಲಿ ಮೂಲವ್ಯಾಧಿ ಗುಣ' ಅಂತ ಬರೆದಿರುತ್ತಾರಲ್ಲ, ಆ ಕಡೆ ದಯವಿಟ್ಟು ಹೋಗಬೇಡಿ. ನಮ್ಮ ಚಿಕ್ಕಪ್ಪ ಅಂಥ ಕಡೆ ಹೋಗಿ ಗಾಯ ಮಾಡಿಸಿಕೊಂಡು ಬಂದರು. ಕೊನೆಗೆ ಆಪರೇಷನ್ನೇ ಆಯಿತು.

ಮಲೆನಾಡ ಮಗಳು:
ಅಕ್ಕಾ, ತಂಬುಳಿಗೆ ಅಜ್ಜಿ ಒಪ್ಪಿದಳು! ಬಸಳೆ ಬೇಡ, ಒಂದೆಲಗ ಆಗಬಹುದು, ಮಗುವಿಗೆ ಬುದ್ಧಿ ಬರುತ್ತದೆ ಅಂದಳು. ಇಸಬ್‌ಗೋಲ್ ಹಾಲಿನ ಮೂಲಕ ಮಗುವಿಗೆ ಹೋಗುತ್ತದಾ? ಕಬ್ಬಿಣದ ಮಾತ್ರೆ ಬಿಟ್ಟುಬಿಡಲಾ? ಅದನ್ನು ತಗೊಂಡರೆ ಇನ್ನೂ ಗಟ್ಟಿ, ಬಣ್ಣವೂ ಕಪ್ಪು.

ಅಘನಾಶಿನಿ:
ಹೋಗುವುದಿಲ್ಲ ತಂಗಿ. ಇಸಬ್‌ಗೋಲ್ ರಕ್ತಕ್ಕೆ ಸೇರುವುದೇ ಇಲ್ಲ, ಕರುಳಲ್ಲೇ ನೀರು ಹೀರಿ ಉಬ್ಬಿ ಹೊರಗೆ ಹೋಗುತ್ತದೆ. ತುಂಬಿದ ಲೋಟ ನೀರಿಗೆ ಕಲಸಿ ತಕ್ಷಣ ಕುಡಿ, ಗಟ್ಟಿಯಾಗಲು ಬಿಡಬೇಡ. ಕಬ್ಬಿಣದ ಮಾತ್ರೆಗೂ ಅದಕ್ಕೂ 2 ಗಂಟೆ ಅಂತರ ಇರಲಿ.

ಮಾತ್ರೆಯನ್ನು ನೀನೇ ಬಿಡಬೇಡ. ಹೆರಿಗೆಯಲ್ಲಿ ರಕ್ತ ಹೋಗಿದೆ, ಈಗಲೂ ಹೋಗುತ್ತಿದೆ. ಬೇರೆ ಬಗೆಯದು ಬರೆದುಕೊಡಿ ಅಂತ ಡಾಕ್ಟರಿಗೆ ಕೇಳು, ಕೊಡುತ್ತಾರೆ. ಮಾತ್ರೆಯಿಂದ ಬಣ್ಣ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ, ಕೆಂಪು ರಕ್ತ ಜಾಸ್ತಿಯಾದರೆ, ತಲೆ ಸುತ್ತಿದರೆ, ಜ್ವರ ಬಂದರೆ ಕಾಯಬೇಡ, ಅವತ್ತೇ ಆಸ್ಪತ್ರೆಗೆ ಹೋಗು.