8ಬಿ ಮಾಡೆಲ್, 2 ಬಿಟ್ ಫೈಲು: ಒಂದು ಪದಕ್ಕೆ ಅರ್ಧ ನಿಮಿಷ, ಬರುವ ಕನ್ನಡವೂ ತಪ್ಪು

ಮಳೆಪುಸ್ತಕ (ನಾಪೋಕ್ಲು)
ಮೂರು ದಿನದಿಂದ ಒದ್ದಾಡುತ್ತಿದ್ದೇನೆ. ಎಐ ಮಾಡೆಲನ್ನು ನಮ್ಮ ಯಂತ್ರದಲ್ಲೇ ಓಡಿಸುವ ಲಾಮಾ.ಸಿಪಿಪಿ ತಂತ್ರಾಂಶದಲ್ಲಿ ಲಾಮಾ 3.1 8ಬಿ (800 ಕೋಟಿ ಸಂಖ್ಯೆಗಳ ಭಾಷಾ ಮಾಡೆಲ್) ಹಾಕಿದೆ. 2 ಬಿಟ್‌ಗೆ ಕುಗ್ಗಿಸಿದ ಫೈಲು, ಬರೀ 3 ಜಿಬಿ. ಲ್ಯಾಪ್‌ಟಾಪಲ್ಲಿ 16 ಜಿಬಿ ರ‍್ಯಾಮ್ ಇದೆ. ಜಾಗ ಬೇಕಾದಷ್ಟಿದೆ ಅಲ್ವಾ? ಆದರೂ ಪ್ರಶ್ನೆ ಕೇಳಿದರೆ ಮುಕ್ಕಾಲು ಗಂಟೆ ಏನೂ ಬರುವುದಿಲ್ಲ. ಆಮೇಲೆ ಒಂದೊಂದು ಪದಕ್ಕೆ ಅರ್ಧ ನಿಮಿಷ. ಬಂದ ಕನ್ನಡವೂ ಕೆಟ್ಟಿದೆ. "ಮೆಣಸು" ಅನ್ನುವುದು "ಮೆಣ್ಸಸು" ಆಗುತ್ತದೆ. ಇಲ್ಲಿ ಮಳೆ ಹಿಡಿದರೆ ನೆಟ್ ಎರಡು ಮೂರು ದಿನ ಇರುವುದಿಲ್ಲ. ಹಾಗಾಗಿ ನಮ್ಮ ಯಂತ್ರದಲ್ಲೇ ಓಡಬೇಕು. ದಯವಿಟ್ಟು ಯಾರಾದರೂ ಹೇಳಿ.

ಕರಿಮೆಣಸು (ಸೋಮವಾರಪೇಟೆ)
ರ‍್ಯಾಮ್ ಒಂದೇ ಸ್ಟಿಕ್ಕಾ, ಎರಡಾ?

ಮಳೆಪುಸ್ತಕ
ಒಂದೇ. ಡಿಡಿಆರ್4 3200, 16 ಜಿಬಿ. ಪ್ರೊಸೆಸರ್ ರೈಜೆನ್ 5 5500ಯು.

ಕರಿಮೆಣಸು
ಅದೇ ಕಾಯಿಲೆ. ಒಂದು ಸ್ಟಿಕ್ ಅಂದರೆ ಸಿಂಗಲ್ ಚಾನೆಲ್, ಓದಲು ಒಂದೇ ದಾರಿ, ಸೆಕೆಂಡಿಗೆ 25.6 ಜಿಬಿ ಮಾತ್ರ. ಎರಡು ಹಾಕಿದರೆ 51.2. ಮಾಡೆಲ್ ಒಂದೊಂದು ಟೋಕನ್ (ಪದದ ಚೂರು) ಬರೆಯುವಾಗಲೂ ಇಡೀ ಫೈಲನ್ನು ರ‍್ಯಾಮಿಂದ ಓದುತ್ತದೆ. ಪ್ರೊಸೆಸರ್ ಎಷ್ಟೇ ಜೋರಿದ್ದರೂ ಅಲ್ಲಿ ಕಾಯಲೇಬೇಕು. ಮೊದಲು ಇನ್ನೊಂದು ಸ್ಟಿಕ್ ತನ್ನಿ.

ಹಾರಂಗಿ_ಹುಡುಗ (ಕುಶಾಲನಗರ)
ಸ್ಟಿಕ್ಕಿಗೆ ದುಡ್ಡು ಹಾಕುವ ಮೊದಲು ಕರೆಂಟ್ ನೋಡಿ ಅಣ್ಣ. ಬ್ಯಾಟರಿಯಲ್ಲಿ ಓಡಿಸುತ್ತಿದ್ದೀರಾ? ಬ್ಯಾಟರಿಗೆ ಬಂದರೆ ಚಿಪ್ ವೇಗ ಇಳಿಸಬಹುದು. ನಿಮ್ಮ ಕಡೆ ವೋಲ್ಟೇಜ್ ಕಡಿಮೆ. ಚಾರ್ಜರ್ ಹಾಕಿದ್ದರೂ ಕೆಲವೊಮ್ಮೆ ಒಳಗೆ ಹೋಗುತ್ತಿರುವುದಿಲ್ಲ.

ಮಳೆಪುಸ್ತಕ
ಚಾರ್ಜರ್ ಇನ್ವರ್ಟರಿಗೆ ಹಾಕಿದೆ. ಚಾರ್ಜ್ ಆಗುತ್ತಿದೆ, 100 ತೋರಿಸುತ್ತದೆ.

ಹಾರಂಗಿ_ಹುಡುಗ
ಇನ್ವರ್ಟರ್ ಸೈನ್ ವೇವಾ, ಸ್ಕ್ವೇರ್ ವೇವಾ? ಸ್ಕ್ವೇರ್ ಆದರೆ ಚಾರ್ಜರ್ ಬಿಸಿಯಾಗುತ್ತದೆ. ನಮ್ಮ ಮನೆಯಲ್ಲಿ ಆಗಿದೆ.

ಕರಿಮೆಣಸು
ಇನ್ವರ್ಟರಿಂದ ಪದಕ್ಕೆ ಅರ್ಧ ನಿಮಿಷ ಆಗುವುದಿಲ್ಲ ಸರ್. ಅದು ಬೇರೆ ವಿಷಯ. ಸಿಂಗಲ್ ಚಾನೆಲ್ಲೇ ಕಾರಣ.

ಕಿತ್ತಳೆತೋಟ (ಸಿದ್ದಾಪುರ)
ಕರಿಮೆಣಸು ಸರ್, ನಿಮ್ಮ ಲೆಕ್ಕವನ್ನೇ ಹಾಕೋಣ. ಫೈಲು 3 ಜಿಬಿ, ಸೆಕೆಂಡಿಗೆ 25.6 ಜಿಬಿ. ಒಂದೇ ಸ್ಟಿಕ್ಕಲ್ಲೂ ಸೆಕೆಂಡಿಗೆ 8 ಟೋಕನ್ ಹತ್ತಿರ ಬರಬೇಕು. ಅರ್ಧ ಬಂದರೂ 4. ಇವರಿಗೆ ಒಂದು ಪದಕ್ಕೇ ಅರ್ಧ ನಿಮಿಷ. ಎರಡನೇ ಸ್ಟಿಕ್ ಹೆಚ್ಚೆಂದರೆ ವೇಗ ಎರಡರಷ್ಟು ಮಾಡುತ್ತದೆ, ಅಷ್ಟೇ. ಇದು ರ‍್ಯಾಮ್ ತುಂಬಿ ಡಿಸ್ಕಿಗೆ ಹೋಗುತ್ತಿರುವ ಲಕ್ಷಣ.

ಮಳೆಪುಸ್ತಕ, ಮೂರು ವಿಷಯ ಬೇಕು. ಫೈಲಿನ ಪೂರ್ತಿ ಹೆಸರು. ಕಾಂಟೆಕ್ಸ್ಟ್ (ಮಾಡೆಲ್ ಒಂದು ಸಲಕ್ಕೆ ನೆನಪಿಡುವ ಪಠ್ಯದ ಮಿತಿ) ಎಷ್ಟು ಕೊಟ್ಟಿದ್ದೀರಿ. ನೀವು ಕೇಳುತ್ತಿರುವ ಪ್ರಶ್ನೆ ಎಷ್ಟು ಉದ್ದ.

ಹಾರಂಗಿ_ಹುಡುಗ
ಅಷ್ಟರಲ್ಲಿ ನನ್ನದು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ತಂದೆ, 12 ಜಿಬಿಯದು. ಅದರ ಮೆಮೊರಿ ಸೆಕೆಂಡಿಗೆ 360 ಜಿಬಿ ಓದುತ್ತದೆ. ಕ್ವೆನ್ 2.5 14ಬಿ ಮಾಡೆಲಿನ ಕ್ಯೂ4_ಕೆ_ಎಂ (4 ಬಿಟ್) ಫೈಲು ಪೂರ್ತಿ ಅದರಲ್ಲೇ ಕೂರುತ್ತದೆ. ಮಳೆಗಾಲಕ್ಕೆ ಕ್ಯಾಬಿನೆಟ್ ಮರದ ಕಪಾಟಿನಲ್ಲಿ ಇಟ್ಟು, ಆಫ್ ಮಾಡಿದಾಗ ಒಳಗೆ 15 ವ್ಯಾಟ್ ಬಲ್ಬ್ ಉರಿಸುತ್ತೇನೆ. ಎರಡು ಮಳೆಗಾಲ ಕಳೆಯಿತು, ಒಂದು ಚುಕ್ಕೆ ಬೂಷ್ಟು ಇಲ್ಲ.

ಕರಿಮೆಣಸು
ಬಲ್ಬ್ ಒಳ್ಳೆಯ ಉಪಾಯ. ನಾನು ಸಿಲಿಕಾ ಜೆಲ್ ಡಬ್ಬಿ ಇಡುತ್ತೇನೆ, ವಾರಕ್ಕೊಮ್ಮೆ ಒಲೆ ಹತ್ತಿರ ಒಣಗಿಸಬೇಕು. ರ‍್ಯಾಮ್ ಕಾಲುಗಳಿಗೆ ತೇವ ಹಿಡಿದರೂ ತೊಂದರೆ ಬರುತ್ತದೆ. ರಬ್ಬರಿಂದ ಉಜ್ಜಿ ನೋಡಿ.

ಮಳೆಪುಸ್ತಕ
ಫೈಲು ಐಕ್ಯೂ2_ಎಂ, ಅಂದರೆ 2 ಬಿಟ್‌ನದು. ಕಾಂಟೆಕ್ಸ್ಟ್‌ಗೆ 0 ಕೊಟ್ಟಿದ್ದೇನೆ, ಅದೇ ನೋಡಿಕೊಳ್ಳುತ್ತದೆ ಅಂತ. ಥ್ರೆಡ್ (ಪ್ರೊಸೆಸರಿನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆ) 12. ಪ್ರಶ್ನೆ ಒಂದೇ ಸಾಲು. ಅದರ ಮೇಲೆ ಅಪ್ಪನ ಮಳೆ ಪುಸ್ತಕ ಅಂಟಿಸಿದ್ದೇನೆ.

ಕಿತ್ತಳೆತೋಟ
ಎಷ್ಟು ಪುಟ?

ಮಳೆಪುಸ್ತಕ
ಸದ್ಯಕ್ಕೆ 2017, 2018, 2019. ದಿನಕ್ಕೊಂದು ಸಾಲು. ಅಪ್ಪ ಮಳೆ ಜೊತೆಗೆ ತೋಟದ ಕೆಲಸವನ್ನೂ ಬರೆಯುತ್ತಿದ್ದರು. "ಹೂಮಳೆ 1 ಇಂಚು 20 ಸೆಂಟ್. ಮೇಲಿನ ತೋಟಕ್ಕೆ ಸಾಕು" ಅನ್ನುವ ಥರ. ಈಗ ಅವರಿಲ್ಲ. ಯಾವ ವರ್ಷ ಏನು ಮಾಡಿದ್ದರು ಅಂತ ಕೇಳಿ ತಿಳಿದುಕೊಳ್ಳಬೇಕು ಅಂತ ಆಸೆ. ಕುಳಿತು ನಾನೇ ಟೈಪ್ ಮಾಡಿದ್ದು.

ಕಿತ್ತಳೆತೋಟ
ಸಿಕ್ಕಿತು. ನಿಧಾನವಾಗಿ ಹೇಳುತ್ತೇನೆ.

0 ಕೊಟ್ಟರೆ ಮಾಡೆಲ್ ಕಲಿತಷ್ಟೂ ಕಾಂಟೆಕ್ಸ್ಟ್ ತೆಗೆದುಕೊಳ್ಳುತ್ತದೆ. ಈ ಮಾಡೆಲಿಗೆ ಅದು 1,31,072 ಟೋಕನ್. ಪ್ರತಿ ಟೋಕನ್ನಿನ ನೆನಪನ್ನೂ ರ‍್ಯಾಮಿನಲ್ಲಿ ಅದಕ್ಕೆಂದೇ ಮೀಸಲಿಟ್ಟ ಕೆವಿ ಕ್ಯಾಶ್‌ನಲ್ಲಿ ಇಡಬೇಕು. ಮಾಡೆಲಿನಲ್ಲಿ 32 ಲೇಯರ್ (ಪದರ), ಪ್ರತಿ ಪದರದಲ್ಲಿ ನೆನಪಿಡುವ 8 ಕೆವಿ ಹೆಡ್, ಒಂದೊಂದರಲ್ಲಿ 128 ಸಂಖ್ಯೆ, ಕೀ ಮತ್ತು ವ್ಯಾಲ್ಯೂ ಎರಡು ಸೆಟ್, ಪ್ರತಿ ಸಂಖ್ಯೆಗೆ 2 ಬೈಟ್. ಗುಣಿಸಿದರೆ ಒಂದು ಟೋಕನ್ನಿಗೆ 128 ಕೆಬಿ. ಪೂರ್ತಿ ಕಾಂಟೆಕ್ಸ್ಟ್‌ಗೆ 16 ಜಿಬಿ. ನಿಮ್ಮ ಇಡೀ ರ‍್ಯಾಮ್ ಅಲ್ಲಿಗೇ ಹೋಯಿತು. ಶುರುವಾಗುವಾಗ ಬರುವ ಲಾಗ್ ನೋಡಿ, 16384 (ಎಂಬಿ, ಅಂದರೆ 16 ಜಿಬಿ) ಅಂತ ಬರೆದಿರುತ್ತದೆ.

ಮೇಲಾಗಿ ಮೂರು ವರ್ಷ ಅಂದರೆ ಸಾವಿರದ ಮೇಲೆ ಸಾಲು. "ಮೆಣಸು" ನಮಗೆ ಮೂರು ಅಕ್ಷರ, ಯಂತ್ರಕ್ಕೆ 15 ಬೈಟ್. ಈ ಮಾಡೆಲ್ ಕನ್ನಡವನ್ನು ಚೂರು ಚೂರು ಮಾಡಿ ಓದುತ್ತದೆ. ಸಾಲಿಗೆ 30, 40 ಟೋಕನ್ ಹಿಡಿದರೂ 35 ಸಾವಿರ ಆಯಿತು. ಆ ಮುಕ್ಕಾಲು ಗಂಟೆ ಅದನ್ನು ಓದುವುದಕ್ಕೇ ಹೋಗಿದೆ.

ಕಾಂಟೆಕ್ಸ್ಟ್ 8192 ಕೊಡಿ, ಕ್ಯಾಶ್ 1 ಜಿಬಿಗೆ ಬರುತ್ತದೆ. ಥ್ರೆಡ್ 6 ಮಾಡಿ, ನಿಮಗಿರುವುದು 6 ಕೋರ್. ಪೂರ್ತಿ ಪುಸ್ತಕ ಬೇಡ, ಬೇಕಾದ ತಿಂಗಳು ಮಾತ್ರ ಅಂಟಿಸಿ. ಒಟ್ಟು ಮಳೆ ಕೂಡುವ ಕೆಲಸ ಮಾಡೆಲಿಗೆ ಕೊಡಲೇಬೇಡಿ, ಎಕ್ಸೆಲ್‌ನಲ್ಲಿ ಮಾಡಿ.

ಕರಿಮೆಣಸು
ಲೆಕ್ಕ ಒಪ್ಪಿದೆ. ಆದರೂ ಸ್ಟಿಕ್ ಎರಡು ಇರಬೇಕು.

ಮಳೆಪುಸ್ತಕ
ಲಾಗ್‌ನಲ್ಲಿ 16384 ಅಂತಲೇ ಇತ್ತು! 8192 ಮಾಡಿ ಮಾರ್ಚ್ 2018 ಒಂದೇ ಅಂಟಿಸಿದೆ. ಒಂದೆರಡು ನಿಮಿಷಕ್ಕೆ ಉತ್ತರ ಶುರುವಾಯಿತು. ತುಂಬಾ ಉಪಕಾರ ಆಯಿತು.

ಆದರೆ ಕನ್ನಡ ಹಾಗೇ ಇದೆ. ಹೂಮಳೆ ಯಾವಾಗ ಬಂತು ಅಂದರೆ "ತೋಟದಲ್ಲಿ ಹೂವ್ವುಗಳನ್ನು ಸುರಿಸಲಾಯಿತು" ಅನ್ನುತ್ತದೆ. 20 ಸೆಂಟ್ ಅಂದರೆ ಜಾಗದ ಅಳತೆ ಅಂದುಕೊಂಡಿದೆ. ಇದು 2 ಬಿಟ್ ಮಾಡಿದ್ದರಿಂದಲಾ?

ಹಾರಂಗಿ_ಹುಡುಗ
ಇಂಗ್ಲಿಷಲ್ಲಿ ಕೇಳಿ ಅಣ್ಣ. ಸುಮ್ನೆ ಕಷ್ಟ ಯಾಕೆ?

ಮಳೆಪುಸ್ತಕ
ಅಪ್ಪ ಬರೆದದ್ದು ಕನ್ನಡದಲ್ಲಿ. ಅಮ್ಮನೂ ಓದಬೇಕು.

ಕಿತ್ತಳೆತೋಟ
ಕನ್ನಡದಲ್ಲೇ ಆಗಲಿ. ಇಲ್ಲಿ ಎರಡು ತಪ್ಪು ಬೆರೆತಿವೆ, ಬಿಡಿಸಿ ನೋಡಬೇಕು. ಅದೇ ಮಾಡೆಲಿನ ಕ್ಯೂ8_0 (8 ಬಿಟ್) ಫೈಲು ಇಳಿಸಿಕೊಳ್ಳಿ, 8.5 ಜಿಬಿ. ಕಾಂಟೆಕ್ಸ್ಟ್ 4096 ಮಾಡಿ, ಬ್ರೌಸರ್ ಮುಚ್ಚಿ, ಅದೇ ಪ್ರಶ್ನೆ ಕೇಳಿ. 8 ಬಿಟ್ ಅಂದರೆ ಹೆಚ್ಚುಕಡಿಮೆ ಮೂಲದಷ್ಟೇ. ಅಲ್ಲಿ ಸರಿಹೋದ ತಪ್ಪು ಫೈಲು ಕುಗ್ಗಿಸುವ ಕ್ವಾಂಟೈಸೇಶನ್‌ನದು. ಅಲ್ಲೂ ಉಳಿದದ್ದು ಮಾಡೆಲಿಗೇ ಗೊತ್ತಿಲ್ಲದ್ದು.

4 ಬಿಟ್ ಅಂದರೆ ಪ್ರತಿ ತೂಕಕ್ಕೆ (ಮಾಡೆಲ್ ಕಲಿತದ್ದನ್ನು ಹಿಡಿದಿಡುವ ಸಂಖ್ಯೆಗೆ) 16 ಮೆಟ್ಟಿಲು, 2 ಬಿಟ್ ಅಂದರೆ ನಾಲ್ಕೇ. ಐಕ್ಯೂ ಫೈಲುಗಳು ಇದನ್ನು ಜಾಣತನದಿಂದ ಹಂಚುತ್ತವೆ, ಆದರೆ ಯಾವ ತೂಕ ಮುಖ್ಯ ಅಂತ ಒಂದು ಮಾದರಿ ಪಠ್ಯ ಓಡಿಸಿ ನಿರ್ಧರಿಸಿರುತ್ತಾರೆ. ಆ ಪಠ್ಯದಲ್ಲಿ ಕನ್ನಡ ಇಲ್ಲದಿದ್ದರೆ ಕನ್ನಡಕ್ಕೆ ಬೇಕಾದ ತೂಕಗಳು ಹೆಚ್ಚು ಸವೆಯಬಹುದು. ಇಂಗ್ಲಿಷಲ್ಲಿ ಪರವಾಗಿಲ್ಲ ಅನಿಸುವ ಫೈಲು ಕನ್ನಡದಲ್ಲಿ ಕೈಕೊಡುವುದು ಹೀಗೆ. ಲಾಮಾ 3.1ಕ್ಕೆ ಅಧಿಕೃತವಾಗಿ ಇರುವುದು ಎಂಟು ಭಾಷೆ. ಹಿಂದಿ ಇದೆ, ಕನ್ನಡ ಇಲ್ಲ. ಮೊದಲೇ ತೆಳುವಾಗಿ ಗೊತ್ತಿದ್ದನ್ನು ಇನ್ನೂ ಒತ್ತಿದರೆ ಏನು ಉಳಿಯುತ್ತದೆ?

ಮಳೆಪುಸ್ತಕ
ರಾತ್ರಿ ಕ್ಯೂ8_0 ಓಡಿಸಿದೆ. ಸೆಕೆಂಡಿಗೆ 2 ಟೋಕನ್ ಚಿಲ್ಲರೆ. ಒತ್ತಕ್ಷರ ಎಲ್ಲಾ ಸರಿ ಬಂತು, "ಮೆಣಸು" ಮೆಣಸಾಗಿಯೇ ಇದೆ. ಆದರೆ ಹೂಮಳೆಗೆ ಈಗಲೂ ಹೂವೇ ಸುರಿಯುತ್ತದೆ.

ಕಿತ್ತಳೆತೋಟ
ಹಾಗಾದರೆ ಕಾಗುಣಿತ ಕೆಡಿಸಿದ್ದು 2 ಬಿಟ್. ಹೂಮಳೆ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಕ್ಯೂ4_ಕೆ_ಎಂ ಹಾಕಿ, 4.9 ಜಿಬಿ. ಪುಸ್ತಕದ ಸಾಲುಗಳ ಮೇಲೆ ಅರ್ಥ ಬರೆಯಿರಿ. "ಹೂಮಳೆ ಅಂದರೆ ಕಾಫಿ ಹೂ ಅರಳಲು ಬೇಕಾದ ಮೊದಲ ಮಳೆ. ಬ್ಯಾಕಿಂಗ್ ಮಳೆ ಅಂದರೆ ಅದರ ನಂತರ ಕಾಯಿ ಕಟ್ಟಲು ಬೇಕಾದ ಮಳೆ. 100 ಸೆಂಟ್ ಅಂದರೆ 1 ಇಂಚು ಮಳೆ." ಇಷ್ಟು ಸಾಕು. ಆಮೇಲೆ ಜೆಮ್ಮಾ 3 4ಬಿ ಕೂಡ ಪರೀಕ್ಷೆ ಮಾಡಿ. ಮಾಡೆಲ್ ಚಿಕ್ಕದು, ಆದರೆ ಟೋಕನ್ ಪಟ್ಟಿ 2,62,000ದಷ್ಟು ದೊಡ್ಡದು, ಕನ್ನಡವನ್ನು ಅಷ್ಟು ಚೂರು ಮಾಡುವುದಿಲ್ಲ.

ಮಳೆಪುಸ್ತಕ
ಕ್ಯೂ4_ಕೆ_ಎಂ, ಮೇಲೆ ಆ ಮೂರು ಸಾಲು. ಸೆಕೆಂಡಿಗೆ 4 ಟೋಕನ್. "ಮಾರ್ಚ್ 2018ರಲ್ಲಿ ಹೂಮಳೆ 1 ಇಂಚು 20 ಸೆಂಟ್ ಬಂದಿದೆ, ಮೇಲಿನ ತೋಟಕ್ಕೆ ಅದು ಸಾಕಾಗಿತ್ತು" ಅಂತ ಬಂತು. ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಉದ್ದದ ಉತ್ತರದಲ್ಲಿ ಅಲ್ಲಲ್ಲಿ ಒಂದು ಒತ್ತಕ್ಷರ ಈಗಲೂ ತಪ್ಪುತ್ತದೆ. ಜೆಮ್ಮಾ ಇಳಿಯುತ್ತಿದೆ, ನೆಟ್ ನಿಧಾನ.

ಹಾರಂಗಿ_ಹುಡುಗ
ಇನ್ವರ್ಟರ್ ಸೈನ್ ವೇವಾ ಅಂತ ಹೇಳಲೇ ಇಲ್ಲ ನೀವು.

ಕರಿಮೆಣಸು
ನನ್ನ ಹತ್ತಿರ 8 ಜಿಬಿಯ 3200 ಸ್ಟಿಕ್ ಒಂದು ಸುಮ್ನೆ ಬಿದ್ದಿದೆ. ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತೇನೆ. ಹಾಕಿ ನೋಡಿ, 4 ಎಷ್ಟಾಗುತ್ತದೆ ಅಂತ ಇಲ್ಲೇ ಬರೆಯಿರಿ.

ಮಳೆಪುಸ್ತಕ
ಬರುತ್ತೇನೆ ಸರ್, ಹನ್ನೊಂದು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತೇನೆ. 2016ರ ಪುಸ್ತಕ ಟೈಪ್ ಮಾಡಲು ಶುರು ಮಾಡಿದ್ದೇನೆ.