ಕಟ್ಟಡ ನಿಂತಿದ್ದ ನೆಲಕ್ಕೆ ‘ಪಂಚಾಂಗ’ ಎನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗಾಗಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ಜಾಗದ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 2001ರ ದಾಳಿಯ ಕಥೆ ಅದರಲ್ಲಿ ಕಡಿಮೆ. ಆಮೇಲೆ ಆ 16 ಎಕರೆಯನ್ನು ಏನು ಮಾಡಬೇಕೆಂದು ನಡೆದ ಜಗ್ಗಾಟವೇ ಹೆಚ್ಚು. ಬರೆಯುತ್ತ ಬರೆಯುತ್ತ ‘ಫುಟ್‌ಪ್ರಿಂಟ್’ (ಕಟ್ಟಡವೊಂದು ನೆಲದ ಮೇಲೆ ಆವರಿಸಿಕೊಂಡ ಜಾಗ) ಎಂಬ ಪದಕ್ಕೆ ಬಂದು ಸಿಕ್ಕಿಕೊಂಡಿದ್ದೇನೆ.

ಬಿಟ್ಟು ದಾಟುವ ಹಾಗಿಲ್ಲ, ಜಗ್ಗಾಟವೆಲ್ಲ ಅದರ ಸುತ್ತಲೇ ನಡೆದದ್ದು. ಲ್ಯಾರಿ ಸಿಲ್ವರ್‌ಸ್ಟೀನ್ ಎಂಬ ಉದ್ಯಮಿ ದಾಳಿಗೆ ಕೆಲವೇ ವಾರ ಮೊದಲು ಅಲ್ಲಿನ ಕಟ್ಟಡಗಳನ್ನು 99 ವರ್ಷದ ಲೀಸಿಗೆ ಹಿಡಿದಿದ್ದರು. (ಗೇಣಿ ಎಂದು ಬರೆದರೆ ನಮ್ಮ ಕಡೆ ಭೂಸುಧಾರಣೆಯ ಕಾಲದ ಜಗಳ ನೆನಪಾದೀತೆಂದು ಲೀಸ್ ಎಂದೇ ಇಟ್ಟೆ.) ಕಟ್ಟಡ ಉರುಳಿದರೂ ಬಾಡಿಗೆ ಕಟ್ಟುವುದು ತಪ್ಪಲಿಲ್ಲ, ಹೋದ ಒಂದು ಕೋಟಿ ಚದರ ಅಡಿ ಕಚೇರಿ ಜಾಗ ಮತ್ತೆ ಎದ್ದು ನಿಲ್ಲಲೇಬೇಕೆಂಬುದು ಅವರ ಪಟ್ಟು. ಸತ್ತವರ ಮನೆಯವರ ಮಾತೇ ಬೇರೆ. ನ್ಯೂಯಾರ್ಕಿನಲ್ಲಿ ಸತ್ತ 2,753 ಜನರಲ್ಲಿ ಸುಮಾರು 1,100 ಜನರ ಅವಶೇಷ ಇವತ್ತಿಗೂ ಗುರುತು ಹತ್ತಿಲ್ಲ. ಮಣ್ಣು ಮಾಡಲು ಏನೂ ಸಿಗದವರಿಗೆ ಆ ನೆಲವೇ ಸಮಾಧಿ. ಎರಡು ಗೋಪುರಗಳ ಫುಟ್‌ಪ್ರಿಂಟನ್ನು ಕೆಳಗಿನ ಪಾದೆಕಲ್ಲಿನವರೆಗೂ ಮುಟ್ಟಬಾರದೆಂದು ಅವರು ಹಟ ಹಿಡಿದರು. ಅಲ್ಲಿ ಕಟ್ಟಡ ಕಟ್ಟುವುದಿಲ್ಲವೆಂದು ಗವರ್ನರು 2002ರಲ್ಲಿ ಮಾತು ಕೊಟ್ಟರು. (ಆ ಗವರ್ನರು ಜನರೇ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ. ‘ರಾಜ್ಯಪಾಲ’ ಎಂದರೆ ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಟ್ಟಂತಾಗುತ್ತದೆ.) ಕೊನೆಗೆ ಸುಮಾರು ಅರ್ಧ ಜಾಗ ಸ್ಮಾರಕಕ್ಕೆ ಹೋಯಿತು, ಉಳಿದದ್ದರಲ್ಲಿ ಕಚೇರಿ, ರೈಲು ನಿಲ್ದಾಣ, ಅಂಗಡಿ. ಗೋಪುರಗಳಿದ್ದಲ್ಲಿ ಈಗ ಎರಡು ಚೌಕ ಕೊಳ, ಸುತ್ತಲೂ ಕಂಚಿನಲ್ಲಿ 2,983 ಹೆಸರು (ಅದೇ ದಿನ ಬೇರೆಡೆ ಸತ್ತವರದೂ 1993ರ ಬಾಂಬ್ ದಾಳಿಯಲ್ಲಿ ಸತ್ತವರದೂ ಸೇರಿ).

ಇನ್ನು ಪದ. ‘ಹೆಜ್ಜೆಗುರುತು’ ಎಂದರೆ ಗೋಪುರ ಎದ್ದು ನಡೆದುಹೋದ ಹಾಗಾಗುತ್ತದೆ. ‘ಅಡಿಪಾಯ’ ಎಂದಾಗ ಮೇಲೆ ಏನೋ ಏಳಲಿದೆ ಎಂಬ ನಿರೀಕ್ಷೆ ಇರುತ್ತದೆ. ಇಲ್ಲಿ ಏಳಬಾರದು ಎಂಬುದೇ ವಿಷಯ. ‘ನಿವೇಶನ’ಕ್ಕೆ ಮಾರಾಟದ ವಾಸನೆ. ಗೆಳೆಯರೊಬ್ಬರು ‘ಮೂಲಸ್ಥಾನ’ ಎಂದು ಸೂಚಿಸಿದರು. ನಾಗನಿಗೆ, ದೈವಕ್ಕೆ ನಾವು ಬಳಸುವ ಪದ, ಅಲುಗಾಡಿಸಬಾರದೆಂಬ ಅರ್ಥ ತಾನಾಗಿ ಬರುತ್ತದೆ. ಆದರೆ ಆ ಪದ ಬರೆದ ಕೂಡಲೇ ನಾನು ಮನೆಯವರ ಪಕ್ಷಕ್ಕೆ ಸೇರಿದೆ. ‘ನಿವೇಶನ’ ಎಂದಿದ್ದರೆ ಉದ್ಯಮಿಯ ಪಕ್ಷ. ಫುಟ್‌ಪ್ರಿಂಟ್ ಎಂಬುದು ಎಂಜಿನಿಯರರ ನಕ್ಷೆಯ ಪದ, ದುಃಖದಲ್ಲಿದ್ದವರೂ ಅದನ್ನೇ ಎತ್ತಿಕೊಂಡರು. ಇಬ್ಬರ ಬಾಯಲ್ಲೂ ನಿಲ್ಲುವಂಥದ್ದೇ ನನಗೆ ಬೇಕು.

ನನ್ನ ಮನಸ್ಸು ‘ಪಂಚಾಂಗ’ದ ಕಡೆಗಿದೆ. ಘಟ್ಟದ ಮೇಲಿನವರು ತಿಥಿ-ನಕ್ಷತ್ರಕ್ಕೆ ಹೋಗಬೇಡಿ! ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಮನೆಯ ತಳಕಟ್ಟಿಗೆ ಮೇಸ್ತ್ರಿಗಳು ಹೇಳುವುದು ಪಂಚಾಂಗ ಎಂದೇ. ಮನೆ ಬಿದ್ದುಹೋದ ಮೇಲೂ ತೋಟದ ನಡುವೆ ಮುರಕಲ್ಲಿನ ಪಂಚಾಂಗ ಉಳಿದಿರುತ್ತದೆ. ಪಡಸಾಲೆ ಎಲ್ಲಿ, ಅಡಿಗೆ ಕೋಣೆ ಎಲ್ಲಿ ಎಂದು ಕಾಲಲ್ಲೇ ಅಳೆಯಬಹುದು. ನ್ಯೂಯಾರ್ಕಿನಲ್ಲೂ ಹಾಗೆಯೇ. ಕೊಳಗಳ ಕೆಳಗೆ, 2014ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ, ಕತ್ತರಿಸಿ ಉಳಿದ ಉಕ್ಕಿನ ಕಂಬಗಳ ಬುಡಗಳು ಸಾಲಾಗಿ ನಿಂತು ಗೋಪುರದ ಚೌಕವನ್ನು ತೋರಿಸುತ್ತವೆ. ಒಂದು ಬದಿ ಸುಮಾರು 208 ಅಡಿ. ನಮ್ಮ ಲೆಕ್ಕದಲ್ಲಿ 99 ಸೆಂಟ್ಸ್, ಎಕರೆಗೆ ಒಂದು ಸೆಂಟ್ಸ್ ಕಮ್ಮಿ. ತೊಡಕೇನೆಂದರೆ, ಮನೆಯಲ್ಲಿ ಮಲಯಾಳ ಆಡುವ ಮಕ್ಕಳಿಗೆ ಅದು ‘ತರ’. ಕನ್ನಡದಲ್ಲಿ ‘ತರ’ ಎಂದು ಬರೆದರೆ ಯಾವ ತರ ಎಂದು ಕೇಳಿಯಾರು.

ಪದ ಸಿಗದಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. 2010ರ ಮೇ 22ರ ಮಂಗಳೂರು ವಿಮಾನ ದುರಂತ ಇಲ್ಲಿ ಯಾರಿಗೂ ಮರೆತಿಲ್ಲ. ಸತ್ತ 158 ಜನರಲ್ಲಿ ಕಾಸರಗೋಡಿನವರು ಬಹಳ. ವಿಮಾನ ಬಿದ್ದದ್ದು ಕೆಂಜಾರಿನ ಕಣಿವೆಗೆ. ಸ್ಮಾರಕ ಆದದ್ದು ಕೂಳೂರಿನ ಹತ್ತಿರ, ಗುರುತು ಸಿಗದ ದೇಹಗಳನ್ನು ಮಣ್ಣು ಮಾಡಿದಲ್ಲಿ. ಘಟನೆಯ ನೆಲ ಒಂದೆಡೆ, ನೆನಪಿನ ನೆಲ ಇನ್ನೊಂದೆಡೆ. ಎರಡೂ ಒಂದೇ ಆಗಿ, ಅದರ ಮೇಲೆ ವ್ಯಾಪಾರದ ಕಣ್ಣೂ ಬಿದ್ದರೆ ಏನೆನ್ನಬೇಕೆಂದು ನಮಗೆ ಯೋಚಿಸುವ ಪ್ರಸಂಗವೇ ಬಂದಿಲ್ಲ.

ಜೊತೆಗೆ ಒಂದು ಚಿಕ್ಕ ಪ್ರಶ್ನೆ, ‘ರೀಡೆವಲಪ್‌ಮೆಂಟ್’ ಬಗ್ಗೆ. ‘ಜೀರ್ಣೋದ್ಧಾರ’ ಆಗದು, ಅದರಲ್ಲಿ ಅದೇ ದೇವರು ಅದೇ ಜಾಗದಲ್ಲಿ ಕೂರಬೇಕು. ಮಲಯಾಳದ ಪ್ರಭಾವದಿಂದ ನಮ್ಮ ಭಾಷಾಂತರಗಳಲ್ಲಿ ‘ವಿಕಸನ’ ನುಸುಳುವುದುಂಟು, ಅದು ನನಗೆ ಹೂವಿಗಷ್ಟೇ ಸರಿ. ‘ಪುನರಭಿವೃದ್ಧಿ’ ಬಾಯಿಗೆ ಭಾರ. ಸದ್ಯಕ್ಕೆ ‘ಮರುಕಟ್ಟಣೆ’ ಎಂದು ಬರೆದಿಟ್ಟಿದ್ದೇನೆ.

ಸೊಲ್ಲಾಪುರ, ಹೊಸೂರು, ಮಡಕಶಿರ ಕಡೆಯವರು ದಯವಿಟ್ಟು ತಿಳಿಸಿ: ಗೋಡೆ ಬಿದ್ದು ತಳ ಮಾತ್ರ ಉಳಿದ ಮನೆಗೆ ನಿಮ್ಮಲ್ಲಿನ ಗೌಂಡಿಗಳು ಏನೆನ್ನುತ್ತಾರೆ?